ಮನುಷ್ಯರ ಲೆಕ್ಕಕ್ಕೆ ಸೇರುವ ವರ: ಸುನೀತಿ ನಾಮಜೋಶಿಯವರ ‘ಫೆಮಿನಿಸ್ಟ್ ಫೇಬಲ್ಸ್’

ಕಾಶಿಯ ನದಿದಂಡೆಯಲ್ಲಿ ಅಡ್ಡಾಡುತ್ತಿರುವ ಬಡ ಬ್ರಾಹ್ಮಣನೊಬ್ಬ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ: ಬಡವನಾದರೇನು, ತಾನು ಬ್ರಾಹ್ಮಣನಲ್ಲವೇ, ಗಂಡುಮಕ್ಕಳಿಲ್ಲದಿದ್ದರೇನು, ತಾನಂತೂ ಗಂಡಸಲ್ಲವೇ. ಅವನು ವಿಷ್ಣುವಿನಲ್ಲಿ ಮಗನನ್ನು ಬೇಡುತ್ತಾನೆ, ಹುಟ್ಟುವುದು ಮಗಳು. ಇನ್ನೊಂದು ಜನ್ಮದಲ್ಲಿ ಅವನೇ ಹೆಣ್ಣಾಗಿ ಹುಟ್ಟಿ ಎಂಟು ಗಂಡುಮಕ್ಕಳನ್ನು ಹೆರುತ್ತಾನೆ. ಮಗಳಿಗೆ ಏನು ಬೇಕೆಂದು ದೇವರು ಕೇಳಿದಾಗ ಅವಳು ಕೇಳುವುದು ಒಂದೇ ವರ: ತನ್ನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಬೇಕು. ಅದು ಬಹಳ ಕಷ್ಟದ ಮಾತೆಂದು ದೇವರು ಹಿಂದೆಮುಂದೆ ನೋಡಿ, ಕೊನೆಗೆ ಒಂದು ಆಯೋಗವನ್ನು ನೇಮಿಸಿಬಿಡುತ್ತಾನೆ. ಕಥೆ ಅಲ್ಲಿಗೆ ಮುಗಿಯಿತು.

ಸುನೀತಿ ನಾಮಜೋಶಿಯವರ ‘ಫೆಮಿನಿಸ್ಟ್ ಫೇಬಲ್ಸ್’ ಎಂಬ ಇಂಗ್ಲಿಷ್ ಕಥಾಸಂಕಲನಕ್ಕೆ ಪ್ರವೇಶಿಸಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಲಂಡನ್ನಿನ ಶೀಬಾ ಫೆಮಿನಿಸ್ಟ್ ಪಬ್ಲಿಷರ್ಸ್ 1981ರಲ್ಲಿ ಮೊದಲು ಪ್ರಕಟಿಸಿದ ಈ ಪುಸ್ತಕದಲ್ಲಿ ಪಂಚತಂತ್ರ, ಈಸೋಪ, ಗ್ರೀಕ್ ಪುರಾಣ, ಯುರೋಪಿನ ಅಡಗೂಲಜ್ಜಿ ಕಥೆಗಳು ಎಲ್ಲವೂ ಒಂದೇ ಜಗಲಿಯ ಮೇಲೆ ಪಕ್ಕಪಕ್ಕದಲ್ಲಿ ಕುಳಿತಿವೆ. ಹೆಚ್ಚಿನವು ಒಂದು ಪುಟ, ಒಂದೂವರೆ ಪುಟದ ಕಥೆಗಳು. ಎಲ್ಲ ಕಥೆಗಳ ಬೆನ್ನಿಗೂ ಆ ಮಗಳು ಕೇಳಿದ ವರದ ಪ್ರಶ್ನೆಯೇ ಇದೆ: ಯಾರನ್ನು ಮನುಷ್ಯರೆಂದು ಎಣಿಸುತ್ತೇವೆ, ಯಾರನ್ನು ಮೃಗವೆಂದು ಬದಿಗೆ ಸರಿಸುತ್ತೇವೆ? ಸ್ತ್ರೀವಾದಿ ಕಥೆಯೆಂದರೆ ರಾಜಕುಮಾರನ ಬದಲು ರಾಜಕುಮಾರಿಯ ಕೈಗೆ ಕತ್ತಿ ಕೊಡುವುದು ಎಂದುಕೊಂಡು ಪುಸ್ತಕ ತೆರೆದವರಿಗೆ ಇಲ್ಲಿ ಸ್ವಲ್ಪ ನಿರಾಸೆಯಾದೀತು. ನಾಮಜೋಶಿಯವರಿಗೆ ಕತ್ತಿಗಿಂತ ಕಡತದ ಮೇಲೆ ಹೆಚ್ಚು ಕಣ್ಣು.

ಈ ಮಾತನ್ನು ಬರಿಯ ಚಮತ್ಕಾರಕ್ಕಾಗಿ ಹೇಳುತ್ತಿಲ್ಲ. ಈ ಲೇಖಕಿ ಐ.ಎ.ಎಸ್. ಅಧಿಕಾರಿಯಾಗಿದ್ದವರು. ಕಷ್ಟದ ಪ್ರಶ್ನೆಯೊಂದು ಮೇಜಿನ ಮೇಲೆ ಬಂದಾಗ ಅದಕ್ಕೆ ಇಲ್ಲವೆನ್ನದೆ, ಹೂಂ ಎಂದೂ ಅನ್ನದೆ, ಆಯೋಗ ರಚಿಸಿ ಮುಂದಕ್ಕೆ ತಳ್ಳುವ ಕಲೆಯನ್ನು ಅವರು ಒಳಗಿನಿಂದ ಬಲ್ಲರು. ಆದ್ದರಿಂದಲೇ ಆ ಕಥೆಯ ದೇವರು ಕ್ರೂರಿಯಲ್ಲ, ಕಪಟಿಯೂ ಅಲ್ಲ, ಒಬ್ಬ ಸಭ್ಯ ಮೇಲಧಿಕಾರಿ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿ ದುಡಿದು ನಿವೃತ್ತರಾದ ನನ್ನ ಸೋದರತ್ತೆಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳಿದಾಗ ಅವರು ನಗಲಿಲ್ಲ, “ಆ ಆಯೋಗಕ್ಕೆ ಅವಧಿ ವಿಸ್ತರಣೆ ಎಷ್ಟು ಸಲ ಆಯಿತಂತೆ?” ಎಂದು ಗಂಭೀರವಾಗಿ ಕೇಳಿದರು. ಕನ್ನಡಕ್ಕೆ ಪಂಚತಂತ್ರವನ್ನು ತಂದ ದುರ್ಗಸಿಂಹನೂ ಕಚೇರಿಯ ಮನುಷ್ಯನೇ ಎಂಬುದು ಇಲ್ಲಿ ನೆನಪಾಗುತ್ತದೆ. ಹನ್ನೊಂದನೆಯ ಶತಮಾನದ ಮೊದಲರ್ಧದಲ್ಲಿ, ಸುಮಾರು 1031ರಲ್ಲಿ, ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ, ಎಂದರೆ ಯುದ್ಧ-ಸಂಧಾನಗಳ ಮಂತ್ರಿಯಾಗಿದ್ದ ಅವನು ವಸುಭಾಗನ ಪರಂಪರೆಯ ಪಂಚತಂತ್ರವನ್ನು ಚಂಪುವಿನಲ್ಲಿ ಬರೆದ. ಸಂಧಿ, ವಿಗ್ರಹ, ಭೇದ, ವಂಚನೆಗಳನ್ನು ದಿನನಿತ್ಯ ನಿಭಾಯಿಸುವವರಿಗೆ ಪ್ರಾಣಿಗಳ ಮಾತು ಬೇಗ ಅರ್ಥವಾಗುತ್ತದೆಯೋ ಏನೋ. ದುರ್ಗಸಿಂಹನ ಪ್ರಾಣಿಗಳು ಅರಮನೆಗೆ ನೀತಿ ಹೇಳುತ್ತವೆ. ನಾಮಜೋಶಿಯವರ ಪ್ರಾಣಿಗಳು ಅರಮನೆಯ ಹೊರಗೆ ಅರ್ಜಿ ಹಿಡಿದು ನಿಂತಿವೆ.

ನಾಮಜೋಶಿಯವರ ಬದುಕಿನ ಕೆಲವು ವಿವರಗಳು ಈ ಕಥೆಗಳನ್ನು ಓದಲು ನೆರವಾಗುತ್ತವೆ. ಅವರು ಹುಟ್ಟಿದ್ದು 1941ರಲ್ಲಿ, ಮುಂಬೈಯಲ್ಲಿ. ತಾಯಿಯ ಕಡೆಯವರು ಮಹಾರಾಷ್ಟ್ರದ ಫಲಟಣದ ನಾಯಕ ನಿಂಬಾಳ್ಕರ್ ರಾಜಮನೆತನಕ್ಕೆ ಸೇರಿದವರು. ತಂದೆ ಬೆಂಗಳೂರಿನಲ್ಲಿ, ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂದಿದ್ದ ಕಾರ್ಖಾನೆಯಲ್ಲಿ, ವಿಮಾನಗಳ ಪರೀಕ್ಷಾ ಪೈಲಟ್ ಆಗಿದ್ದರು. 1953ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮಗಳು 1964ರಲ್ಲಿ ಐ.ಎ.ಎಸ್. ಸೇರಿ, ಅನಂತರ ಅದನ್ನು ಬಿಟ್ಟು ಉತ್ತರ ಅಮೆರಿಕಕ್ಕೆ ಹೋದರು. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಕವಿ ಎಜ್ರಾ ಪೌಂಡ್ ಕುರಿತು ಸಂಶೋಧನೆ ಮಾಡಿ, 1972ರಿಂದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸಿದರು. ಅದಕ್ಕೂ ಮೊದಲೇ ಕಲ್ಕತ್ತೆಯ ರೈಟರ್ಸ್ ವರ್ಕ್‌ಶಾಪ್‌ನಿಂದ 1967ರಲ್ಲಿ ಅವರ ಮೊದಲ ಕವನಸಂಕಲನ ಬಂದಿತ್ತು. ಮರಾಠಿಯ ಗೋವಿಂದಾಗ್ರಜರ ಕವಿತೆಗಳನ್ನು ತಾಯಿಯ ಜೊತೆಗೂಡಿ ಇಂಗ್ಲಿಷಿಗೆ ತಂದಿದ್ದರು. 1978–79ರಲ್ಲಿ ರಜೆ ಪಡೆದು ಇಂಗ್ಲೆಂಡಿನಲ್ಲಿದ್ದಾಗ ಸ್ತ್ರೀವಾದಿ ಚಳವಳಿಯ, ಸಲಿಂಗಪ್ರೇಮಿಗಳ ಹಕ್ಕಿನ ಹೋರಾಟದ ಒಡನಾಟ ಸಿಕ್ಕಿತು. ಆ ಒಡನಾಟದ ಬೆನ್ನಿಗೇ ಈ ಕಥೆಗಳು ಬಂದವು. ಅರಮನೆಯ ಮೊಮ್ಮಗಳು, ಸರಕಾರದ ಅಧಿಕಾರಿ, ಪರದೇಶದಲ್ಲಿ ಕಂದುಬಣ್ಣದ ಹೆಂಗಸು, ಜೊತೆಗೆ ಲೆಸ್ಬಿಯನ್. ಒಂದೇ ಬದುಕಿನಲ್ಲಿ ಇಷ್ಟು ಬಗೆಯ ಪಂಕ್ತಿಗಳಲ್ಲಿ ಕುಳಿತು, ಕೆಲವು ಪಂಕ್ತಿಗಳಿಂದ ಎಬ್ಬಿಸಿಕೊಂಡವರಿಗೆ ‘ನಾವು’ ಎಂಬ ಪದದ ಮೇಲೆ ಅನುಮಾನ ಬರುವುದು ಸಹಜ.

ಸಂಕಲನದ ಅತ್ಯುತ್ತಮ ಕಥೆ ನನ್ನ ಪಾಲಿಗೆ ಮಂಗ ಮತ್ತು ಮೊಸಳೆಗಳದ್ದು. ಹಳೆಯ ಕಥೆ ನಮ್ಮಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಬಾಯಿಪಾಠ: ನೇರಳೆ ಹಣ್ಣಿನ ಸ್ನೇಹ, ಮಂಗನ ಗುಂಡಿಗೆ ತಿನ್ನಬೇಕೆಂದು ಹಟ ಹಿಡಿದ ಮೊಸಳೆಯ ಹೆಂಡತಿ, ಗುಂಡಿಗೆಯನ್ನು ಮರದಲ್ಲೇ ಬಿಟ್ಟುಬಂದೆನೆಂದ ಮಂಗನ ಜಾಣತನ. ಅಲ್ಲಿ ಕೆಡುಕೆಲ್ಲ ಹೆಂಡತಿಯ ನಾಲಿಗೆಯಿಂದ ಹುಟ್ಟುತ್ತದೆ, ಗಂಡ ಮೊಸಳೆ ಪಾಪ ಇಕ್ಕಟ್ಟಿಗೆ ಸಿಕ್ಕಿಕೊಂಡವನು. ನಾಮಜೋಶಿಯವರು ಆ ಹೆಂಡತಿಯನ್ನು ಕಥೆಯಿಂದಲೇ ತೆಗೆದುಬಿಟ್ಟಿದ್ದಾರೆ. ಉಳಿದದ್ದು ಒಂದು ಹೆಣ್ಣುಮಂಗ, ಅವಳ ಇಬ್ಬರು ಮೊಸಳೆ ಗೆಳೆಯರು. ಲೋಕ ನೋಡಿಬರುತ್ತೇನೆಂದು ಹೊರಟ ಮಂಗನಿಗೆ ಗೆಳೆಯರು ಎಚ್ಚರಿಕೆ ಹೇಳುತ್ತಾರೆ: ಹೊರಗೆ ಭಯಂಕರ ಮೃಗಗಳಿವೆ, ಉದ್ದನೆಯ ಮೈ, ಒರಟು ಚರ್ಮ, ಬಲವಾದ ದವಡೆ. ಏಳು ವರ್ಷಗಳ ಮೇಲೆ ಅವಳು ಬಾಲ ಕಳೆದುಕೊಂಡು, ಹಲ್ಲು ಕಳೆದುಕೊಂಡು, ಒಂದು ಕಣ್ಣೂ ಇಲ್ಲದೆ ಮರಳುತ್ತಾಳೆ. ಆ ಮೃಗಗಳು ಎದುರಾದವೇ ಎಂದು ಗೆಳೆಯರು ಕೇಳುತ್ತಾರೆ. ಆದವು. ಹೇಗಿದ್ದವು? ನಿಮ್ಮ ಹಾಗೆಯೇ ಇದ್ದವು. ಆಗ ಎಚ್ಚರಿಸಿದಿರಲ್ಲ, ನಿಮಗೆ ಅದು ಗೊತ್ತಿತ್ತೇ? ಗೊತ್ತಿತ್ತು ಎನ್ನುವ ಗೆಳೆಯರು ಅವಳ ಮುಖ ನೋಡುವುದಿಲ್ಲ.

ಈ ಕಥೆಯನ್ನು ಮೊದಲ ಸಲ ಓದಿದಾಗ ಮುಂದಿನ ಪುಟ ತಿರುಗಿಸಲಾಗಲಿಲ್ಲ. ಕತ್ತಲಾದ ಮೇಲೆ ಒಬ್ಬಳೇ ಓಡಾಡಬೇಡ, ಕಾಲ ಕೆಟ್ಟಿದೆ ಎಂದು ಅಕ್ಕರೆಯಿಂದಲೇ ಹೇಳುವ ಅಣ್ಣ, ಮಾವ, ಸಹೋದ್ಯೋಗಿಗಳೆಲ್ಲ ಒಬ್ಬೊಬ್ಬರಾಗಿ ಕಣ್ಣಮುಂದೆ ಬಂದರು. ಅವರ ಅಕ್ಕರೆ ಸುಳ್ಳಲ್ಲ. ಕಥೆಯ ಮೊಸಳೆಗಳ ಸ್ನೇಹವೂ ಸುಳ್ಳಲ್ಲ. ಗೆಳೆಯರು ಮಂಗನನ್ನು ಕಚ್ಚಿದರೆಂದು ಲೇಖಕಿ ಎಲ್ಲಿಯೂ ಹೇಳುವುದಿಲ್ಲ. ಎಚ್ಚರಿಕೆ ಕೊಡಲು ಬೇಕಾದ ತಿಳಿವಳಿಕೆ ಅವರಿಗೆ ಎಲ್ಲಿಂದ ಬಂತು ಎಂಬಷ್ಟನ್ನೇ ಕೇಳಿ ಕಥೆ ಸುಮ್ಮನಾಗುತ್ತದೆ.

ಕೆಂಪು ಟೊಪ್ಪಿಗೆಯ ಹುಡುಗಿಯ ಕಥೆಗೂ ಇಂಥದೇ ಚಿಕಿತ್ಸೆ ಸಿಕ್ಕಿದೆ, ಅಕ್ಷರಶಃ ಚಿಕಿತ್ಸೆಯೇ. ಇಡೀ ಕಥೆ ಆಸ್ಪತ್ರೆಯ ಕೇಸ್ ಶೀಟಿನ ಭಾಷೆಯಲ್ಲಿದೆ. ಕ್ರಿಯಾಪದಗಳನ್ನೂ ಉಳಿತಾಯ ಮಾಡಿದ ತುಂಡು ವಾಕ್ಯಗಳು. ತೋಳ ಸತ್ತಿಲ್ಲ, ಕಾಪಾಡಲು ಬಂದ ಅರಣ್ಯಪಾಲಕನೇ ತೋಳ, ಇಲ್ಲದಿದ್ದರೆ ಅಷ್ಟು ಸರಿಯಾದ ಹೊತ್ತಿಗೆ ಅವನು ಅಲ್ಲಿಗೆ ಹೇಗೆ ಬಂದ ಎಂದು ಹುಡುಗಿ ಕೇಳುತ್ತಾಳೆ. ತಾಯಿಗೆ ಅವನು ತುಂಬ ಒಳ್ಳೆಯವನು, ಅವನನ್ನೇ ಮದುವೆಯಾಗುತ್ತಾಳೆ. ಮಗುವನ್ನು ಮನೋವೈದ್ಯರ ಬಳಿಗೆ ಕಳಿಸಲಾಗುತ್ತದೆ. ತೋಳಗಳು ಒಟ್ಟಿನಲ್ಲಿ ಒಳ್ಳೆಯವೇ ಎಂದು ಅಲ್ಲಿ ತಿಳಿಹೇಳುತ್ತಾರೆ. ಹುಡುಗಿ ಪಾಠ ಕಲಿಯುತ್ತಾಳೆ, ಆದರೆ ಅಗತ್ಯಕ್ಕಿಂತ ಚೆನ್ನಾಗಿ: ಹಾಗಾದರೆ ಅಮ್ಮನೂ ತೋಳ, ವೈದ್ಯರೂ ತೋಳ, ತಾನೂ ತೋಳ. ಈಗ ಕಸಿವಿಸಿಪಡುವ ಸರದಿ ದೊಡ್ಡವರದು. ಮಗುವಿನ ಮಾತನ್ನು ನಂಬದ ಮನೆಯೊಂದರ ಚಿತ್ರ ಅರ್ಧ ಪುಟದಲ್ಲಿ, ಒಂದು ಹನಿ ಕಣ್ಣೀರೂ ಇಲ್ಲದೆ ಮೂಡಿಬಿಡುತ್ತದೆ.

ಸುಂದರಿ ಮತ್ತು ಮೃಗದ ಕಥೆಯಲ್ಲಿ ಮೃಗವೇ ಒಬ್ಬಳು ಹೆಂಗಸು. ಅವಳ ಪ್ರೀತಿಯನ್ನು ಲೋಕವು ಮೃಗೀಯವೆಂದು ಕರೆಯುವುದು ಅದಕ್ಕಾಗಿಯೇ. ಓದಿದ ಕಥೆಗಳಲ್ಲೆಲ್ಲ ತನಗೆ ಹೊಂದುವ ಪಾತ್ರವನ್ನು ಹುಡುಕಿ, ಮೃಗದ ಪಾತ್ರವೊಂದೇ ತನಗೆ ಒಪ್ಪುತ್ತದೆಂದು ಅವಳು ಕಂಡುಕೊಳ್ಳುತ್ತಾಳೆ. ಕಥೆಯ ಮೃಗ ಪ್ರೀತಿಯಿಂದ ಮನುಷ್ಯನಾಗುತ್ತದೆ, ಇವಳ ಪಾಲಿಗೆ ಮಾತ್ರ ಅದು ತಿರುಗುಮುರುಗು. ಒಂಟಿಯಾಗಿ ಬದುಕಿ ಒಂಟಿಯಾಗಿ ಸಾಯುತ್ತಾಳೆ. ನೆರೆಹೊರೆಯವರಿಗೆ ಅವಳ ತಂದೆತಾಯಿಯ ಬಗ್ಗೆ ಮರುಕವಿದೆ. ನಾನು ಕೊಂಡ ಹಳೆಯ ಪ್ರತಿಯಲ್ಲಿ ಈ ಪುಟದ ಅಂಚಿಗೆ ಯಾರೋ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಅಳಿಸಿ, ಮತ್ತೆ ಎಳೆದಿದ್ದಾರೆ.

ಅದೇ ಕಾಲದಲ್ಲಿ, 1979ರಲ್ಲಿ, ಇಂಗ್ಲೆಂಡಿನ ಆಂಜೆಲಾ ಕಾರ್ಟರ್ ಕೂಡ ಹಳೆಯ ಯುರೋಪಿಯನ್ ಕಥೆಗಳನ್ನು ಒಡೆದು ಕಟ್ಟಿದ ‘ದಿ ಬ್ಲಡಿ ಚೇಂಬರ್’ ಪ್ರಕಟಿಸಿದ್ದರು. ಇಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟುವ ವಾಡಿಕೆಯಿದೆ, ಆದರೆ ಓದಿನ ಅನುಭವ ಪೂರ್ತಿ ಬೇರೆ. ಕಾರ್ಟರ್ ಅವರದು ಜರತಾರಿ ತುಂಬಿದ ಗದ್ಯ. ರಕ್ತ, ರೇಷ್ಮೆ, ಕನ್ನಡಿ, ಹೂವುಗಳ ಭಾರಕ್ಕೆ ವಾಕ್ಯ ಬಳುಕುತ್ತದೆ. ನಾಮಜೋಶಿಯವರದು ಗಂಜಿ ಹಾಕಿದ ಹತ್ತಿಸೀರೆಯಂಥ ಗದ್ಯ. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಅದನ್ನು ಗಟ್ಟಿಯಾಗಿ ಓದಿ ಹೇಳಬಹುದು.

ಹಾಗೆ ಗಟ್ಟಿಯಾಗಿ ಹೇಳಿದ್ದು ಸ್ವಯಂವರದ ಕಥೆಯನ್ನು. ಡಿಸೆಂಬರಿನ ಒಂದು ಮಧ್ಯಾಹ್ನ ಅತ್ತೆಯ ಎದುರು ಮೊರದ ತುಂಬ ನೆನೆಸಿದ ಅವರೆಕಾಳು ಇತ್ತು. ಇಬ್ಬರೂ ಕಾಳು ಹಿಸುಕುತ್ತಿದ್ದೆವು. ಒಬ್ಬ ರಾಜಕುಮಾರಿಗೆ ಶಿಳ್ಳೆ ಹಾಕುವುದೆಂದರೆ ಇಷ್ಟ. ಬೇಡವೆಂದರೂ ಬಿಡುವುದಿಲ್ಲ. ಶಿಳ್ಳೆ ಹಾಕುವ ಹೆಣ್ಣನ್ನು ಯಾರು ಕಟ್ಟಿಕೊಳ್ಳುತ್ತಾರೆಂಬ ಚಿಂತೆಯಲ್ಲಿ ರಾಜ, ಶಿಳ್ಳೆಯಲ್ಲಿ ಅವಳನ್ನು ಸೋಲಿಸಿದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುವೆನೆಂದು ಸಾರುತ್ತಾನೆ. ಬಂದವರೆಲ್ಲ ಸೋಲುತ್ತಾರೆ. ನ್ಯಾಯವಾಗಿಯೇ ಸೋತೆವೆಂದು ಒಪ್ಪುತ್ತೀರಾ ಎಂದು ಅವಳು ಕೇಳಿದಾಗ, ಇದು ಮಾಟ, ಮೋಸ ಎಂದು ಎಲ್ಲರೂ ಗದ್ದಲವೆಬ್ಬಿಸುತ್ತಾರೆ, ಒಬ್ಬನನ್ನು ಬಿಟ್ಟು. ಅವನು ಒಪ್ಪಿದರೆ ಅವನನ್ನೇ ಮದುವೆಯಾಗುತ್ತೇನೆಂದು ರಾಜಕುಮಾರಿ ಹೇಳುತ್ತಾಳೆ. ಅತ್ತೆಯ ಕೈ ಒಂದು ಗಳಿಗೆ ನಿಂತಿತು. “ಸೋತೆ ಅಂತ ಬಾಯಿಬಿಟ್ಟು ಹೇಳಿದನಲ್ಲ, ಸಾಕು ಕಣೇ. ನಿಮ್ಮ ಮಾವ ಇಸ್ಪೀಟಿನಲ್ಲಿ ಸೋತರೂ ಎಲೆ ಕಲಸಿದ್ದು ಸರಿಯಿಲ್ಲ ಅನ್ನೋರು” ಎಂದರು. ಚಿಕ್ಕವರಿದ್ದಾಗ ಶಿಳ್ಳೆ ಹಾಕಿ ಅಜ್ಜಿಯಿಂದ ಬೆನ್ನಿಗೆ ಗುದ್ದು ತಿಂದದ್ದನ್ನು ಆಮೇಲೆ ತಾವಾಗಿಯೇ ಹೇಳಿದರು. ಸ್ವಯಂವರ ಎಂಬ ಪದದಲ್ಲಿ ಆರಿಸುವವಳು ಹೆಣ್ಣೇ ಆದರೂ, ನಮ್ಮ ಮಹಾಕಾವ್ಯಗಳ ಪ್ರಸಿದ್ಧ ಸ್ವಯಂವರಗಳಲ್ಲಿ ಬಿಲ್ಲು ಎತ್ತಿದವನಿಗೆ, ಮತ್ಸ್ಯಯಂತ್ರ ಹೊಡೆದವನಿಗೆ ಅವಳು ಬಹುಮಾನವಾಗಿ ಸಂದುಬಿಡುತ್ತಾಳೆ. ಈ ಕಥೆ ಆ ಪದಕ್ಕೆ ಅದರ ಅರ್ಥವನ್ನು ಮರಳಿಸಿದೆ.

ಪುಸ್ತಕದ ತಕರಾರುಗಳೂ ಇವೆ. ಕೆಲವು ಕಥೆಗಳು ತೀರ ಒಳಗಿನವರಿಗಾಗಿ ಬರೆದಂತಿವೆ. ಗ್ರೀಕ್ ಪುರಾಣದ ಪರಿಚಯವಿಲ್ಲದವರಿಗೆ, ಎಪ್ಪತ್ತರ ದಶಕದ ಪಾಶ್ಚಾತ್ಯ ಸ್ತ್ರೀವಾದಿ ಗುಂಪುಗಳ ಒಳಜಗಳ ಗೊತ್ತಿಲ್ಲದವರಿಗೆ ಅವು ಒಗಟಿನಂತೆ ಉಳಿಯುತ್ತವೆ. ಇನ್ನು ಕೆಲವು ಕಥೆಯಾಗುವ ಮೊದಲೇ ಮುಗಿದುಹೋದ ಟಿಪ್ಪಣಿಗಳು. ನನ್ನ ಮುಖ್ಯ ಅಸಮಾಧಾನ ಬೇರೆಯದು: ಈ ಪ್ರಾಣಿಗಳು ಬಹಳ ಮಾತಾಡುತ್ತವೆ, ಕೈಕೆಲಸ ಮಾತ್ರ ಅಷ್ಟಾಗಿ ಕಾಣುವುದಿಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿ ಲೋಕಕ್ಕೆ ಪರಿಚಯಿಸಿದ ಕನ್ನಡದ ‘ಹಂಚಿ’ ಕಥೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ಗೊತ್ತಾಗುತ್ತದೆ. ಹೊನ್ನಿನ ಕೂದಲಿನ ಹುಡುಗಿಯನ್ನು ಒಡಹುಟ್ಟಿದ ಅಣ್ಣನೇ ಬಯಸಿದಾಗ ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳಿಸಿಬಿಡುತ್ತಾಳೆ. ಹಂಚಿ ಎಂಬ ಹೆಸರು ಬಂದದ್ದು ಆ ಮುಖವಾಡದಿಂದಲೇ. ಅವಳು ಪರರ ಮನೆಯಲ್ಲಿ ಅಡುಗೆ ಮಾಡಿ, ಕೆಲಸ ಮಾಡಿ ಬದುಕುತ್ತಾಳೆ. ಹೂವಿನ ಗಿಡವಾಗುವ ಹುಡುಗಿಯ ಕಥೆಯಲ್ಲೂ ಎರಡು ಕೊಡ ನೀರು ಬೇಕು, ಅದನ್ನು ಉಗುರು ತಾಗದಂತೆ ಸುರಿಯುವ ಕೈ ಬೇಕು, ಹೂ ಕಟ್ಟಿ ಮಾರಬೇಕು. ಹೆಣ್ಣಿನ ಕಥೆಗಳಲ್ಲಿ ಮದುವೆ ಎಂಬುದು ಸುಖಾಂತವಲ್ಲ, ಕಷ್ಟದ ಆರಂಭ ಎಂದು ರಾಮಾನುಜನ್ ಗುರುತಿಸಿದ್ದರು. ಒಲೆಯ ಮುಂದೆ ಹುಟ್ಟಿದ ಆ ಕಥೆಗಳಿಗೆ ಸ್ತ್ರೀವಾದವೆಂಬ ಹೆಸರಿಲ್ಲ, ಆದರೆ ಸಿದ್ಧಾಂತವಿದೆ, ಹೊಗೆಯ ವಾಸನೆಯೂ ಇದೆ. ನಾಮಜೋಶಿಯವರಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಕಡಿಮೆ.

ಜಾತಿಯ ವಿಷಯದಲ್ಲೂ ಇದೇ ಮಾತು. ಮನುಷ್ಯರ ಲೆಕ್ಕಕ್ಕೆ ಸೇರಿಸಿ ಎಂಬ ಬೇಡಿಕೆಯನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಕೇಳಿಕೊಂಡು ಬಂದವರು ಬ್ರಾಹ್ಮಣ ಹೆಂಗಸರಲ್ಲ. ಮೊದಲ ವಾಕ್ಯಗಳಲ್ಲೇ ಆ ಬ್ರಾಹ್ಮಣನ ಜಂಬವನ್ನು ಚುಚ್ಚುವ ಲೇಖಕಿ ಆ ದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಹೋಗಬಹುದಿತ್ತು. ಅವರಿಗೆ ಇದರ ಅರಿವು ಇರಲಿಲ್ಲವೆನ್ನಲಾಗದು. 2000ದಲ್ಲಿ ಬಂದ ‘ಗೋಜಾ’ದಲ್ಲಿ ತಮ್ಮನ್ನು ಎತ್ತಿ ಆಡಿಸಿದ ಮನೆಗೆಲಸದ ಹೆಂಗಸನ್ನೂ ರಾಣಿಸಾಹೇಬರಾದ ಅಜ್ಜಿಯನ್ನೂ ಎದುರಿಗೆ ಕೂರಿಸಿಕೊಂಡು, ಆ ಇಬ್ಬರ ಪ್ರೀತಿಯ ನಡುವೆ ಇದ್ದ ಅಂತರವನ್ನು ಅವರು ನೇರವಾಗಿ ಕೇಳುತ್ತಾರೆ. ಅದು ಅವರ ಅತ್ಯಂತ ಕಷ್ಟದ, ಬಹುಶಃ ಅತ್ಯಂತ ಪ್ರಾಮಾಣಿಕ ಪುಸ್ತಕ.

ನಡುವಿನ ವರ್ಷಗಳ ಕೃತಿಗಳಲ್ಲಿ ಪ್ರಾಣಿಗಳು ಇನ್ನಷ್ಟು ತುಂಟವಾಗುತ್ತವೆ. 1985ರ ‘ದಿ ಕಾನ್ವರ್ಸೇಷನ್ಸ್ ಆಫ್ ಕೌ’ ಕೃತಿಯಲ್ಲಿ ಸುನೀತಿ ಎಂಬ ಹೆಸರಿನ ನಾಯಕಿಗೆ ಎದುರಾಗುವ ಹಸುವಿನ ಹೆಸರು ಭದ್ರಾವತಿ. ಕಬ್ಬಿಣದ ಕಾರ್ಖಾನೆಯ ಊರಿನ ಹೆಸರು ಹೊತ್ತ ಆ ಹಸು ಬೇಕೆಂದಾಗ ರೂಪ ಬದಲಿಸಿಕೊಂಡು ನಾಯಕಿಯ ಸಿದ್ಧಾಂತಗಳನ್ನೆಲ್ಲ ಮೆಲುಕು ಹಾಕಿಬಿಡುತ್ತದೆ. 1989ರ ‘ದಿ ಮದರ್ಸ್ ಆಫ್ ಮಾಯಾ ದೀಪ್’ ತಾಯಂದಿರೇ ಆಳುವ ದ್ವೀಪವೊಂದರ ಕಥೆ. ಅಲ್ಲಿಯೂ ದರ್ಪವಿದೆ, ಅಲ್ಲಿಯೂ ಲೆಕ್ಕಕ್ಕೆ ಸೇರದವರಿದ್ದಾರೆ. ತಮ್ಮದೇ ಪಾಳೆಯದ ಮೇಲೆ ಹೀಗೆ ನಗಬಲ್ಲ ಲೇಖಕಿಯ ಮಾತನ್ನು ಎದುರು ಪಾಳೆಯದವರೂ ಕೇಳಬೇಕಾಗುತ್ತದೆ. ಟೊರಾಂಟೊ ಕೆಲಸ ಬಿಟ್ಟು ಇಂಗ್ಲೆಂಡಿನ ಡೆವನ್‌ನಲ್ಲಿ ನೆಲೆಸಿದ ಮೇಲೆ ಕವಿತೆ, ಕಥೆ, ತಮ್ಮ ಬೆಕ್ಕಿನ ನೆನಪಿನಲ್ಲಿ ಬರೆದ ‘ಸೂಕಿ’, ಮಕ್ಕಳಿಗಾಗಿ ಅದಿತಿ ಸರಣಿ ಎಲ್ಲವೂ ಬಂದಿವೆ.

ಕೊಳ್ಳುವವರಿಗೆ ಒಂದೆರಡು ಮಾತು. ಹಳೆಯ ಪ್ರತಿಯನ್ನು ನಾನು ತರಿಸಿಕೊಂಡ ಆನ್‌ಲೈನ್ ಅಂಗಡಿ ‘ಹೊಸದರಂತಿದೆ’ ಎಂದು ಬರೆದು, ಬೆನ್ನು ಬಿಟ್ಟುಹೋದ ಪುಸ್ತಕ ಕಳಿಸಿತು. ಪೆನ್ಸಿಲ್ ಗೆರೆಗಳಿಗಾಗಿ ಮರಳಿಸಲು ಮನಸ್ಸಾಗಲಿಲ್ಲ. ಮೊದಲ ಬಾರಿಗೆ ಓದುವವರು ದೆಹಲಿಯ ಜುಬಾನ್ ಪ್ರಕಾಶನ 2012ರಲ್ಲಿ ತಂದ ‘ದಿ ಫ್ಯಾಬ್ಯುಲಸ್ ಫೆಮಿನಿಸ್ಟ್’ ಎಂಬ ಆಯ್ದ ಬರಹಗಳ ಸಂಪುಟದಿಂದ ಆರಂಭಿಸುವುದು ಒಳ್ಳೆಯದು. ಬೇರೆ ಬೇರೆ ಕಾಲದ ನಾಮಜೋಶಿ ಅಲ್ಲಿ ಒಟ್ಟಿಗೆ ಸಿಗುತ್ತಾರೆ. ಮಕ್ಕಳಿರುವ ಮನೆಗೆ ಚೆನ್ನೈನ ತೂಲಿಕಾ ಹೊರತಂದಿರುವ ಅದಿತಿ ಪುಸ್ತಕಗಳಾಗುತ್ತವೆ. ‘ಫೆಮಿನಿಸ್ಟ್ ಫೇಬಲ್ಸ್’ ಮಾತ್ರ ಒಂದೇ ಗುಕ್ಕಿಗೆ ಓದುವ ಪುಸ್ತಕವಲ್ಲ. ದಿನಕ್ಕೆ ಎರಡು ಕಥೆ ಸಾಕು, ಮೂರನೆಯದರ ಹೊತ್ತಿಗೆ ನಾಲಿಗೆ ಒಗರಾಗುತ್ತದೆ.

ಭಾಷೆ ಸರಳವಾಗಿದೆ, ಇದನ್ನು ಕನ್ನಡಕ್ಕೆ ತರುವುದು ಸುಲಭವೆಂದು ನಂಬಿ ಮಂಗ-ಮೊಸಳೆಯ ಕಥೆಯೊಂದಿಗೆ ನಾನೇ ಕುಳಿತೆ. ಮೊದಲ ಸಾಲಿನಲ್ಲೇ ಎಡವಿದೆ. ನಮ್ಮ ವ್ಯಾಕರಣದಲ್ಲಿ ಮಂಗ ‘ಬಂತು’, ಮೊಸಳೆ ‘ಹೇಳಿತು’. ಪ್ರಾಣಿಗೆ ನಪುಂಸಕಲಿಂಗ ತಪ್ಪದು. ಮನುಷ್ಯ ಎಂಬ ಪದವೋ, ‘ಮನುಷ್ಯನು’ ಎಂದೇ ಪುಲ್ಲಿಂಗಕ್ಕೆ ಒಗ್ಗಿಹೋಗಿದೆ. ‘ಮನುಷ್ಯಳು’ ಎಂದು ಬರೆದರೆ ಯಾರೋ ಹೊಸದಾಗಿ ಟಂಕಿಸಿದಂತೆ ಕೇಳಿಸುತ್ತದೆ. ಇನ್ನು ಹವ್ಯಕ ಕನ್ನಡದಲ್ಲಿ ಅತ್ತೆಯೂ ಅಕ್ಕನೂ ಬಂದಾಗ ‘ಬಂತು’ ಎನ್ನುವುದೇ ರೂಢಿ. ಅದರಲ್ಲಿ ಅವಮಾನವಿಲ್ಲ, ಸಲಿಗೆಯಿದೆ ಎಂದು ಹವ್ಯಕ ಗೆಳತಿ ಹೇಳುತ್ತಾಳೆ, ನಾನು ನಂಬುತ್ತೇನೆ. ಆದರೂ ಕಾಶಿಯ ಆ ಮಗಳು ಕೇಳಿದ ವರ ಇಂಗ್ಲಿಷಿಗಿಂತ ಕನ್ನಡದಲ್ಲಿ ಇನ್ನೊಂದು ಪಟ್ಟು ಕಷ್ಟದ್ದು ಎಂದು ಆ ರಾತ್ರಿ ಅನ್ನಿಸಿತು. ಕೊನೆಗೆ ಮಂಗನಿಗೆ ‘ಅವಳು’ ಎಂದೇ ಬರೆದೆ. ಮೊಸಳೆಗಳನ್ನು ‘ಅವು’ ಎಂದು ಬಿಟ್ಟಿದ್ದೆ. ಮುಖ ತಪ್ಪಿಸುವ ಕೊನೆಯ ಸಾಲಿಗೆ ಬಂದಾಗ ಅದು ಸರಿಹೋಗಲಿಲ್ಲ, ಹಿಂದಕ್ಕೆ ಹೋಗಿ ಎಲ್ಲ ಕಡೆ ‘ಅವರು’ ಎಂದು ತಿದ್ದಿದೆ.